ಟ್ಯೂಬಾ ಉರುಳಲಿಲ್ಲ

ಕಳ್ಳ ಆ ಟ್ಯೂಬಾವನ್ನು ಮೆಟ್ಟಿಲ ಮೇಲಿಂದ ಉರುಳಿಸಿಕೊಂಡೇ ಹೋಗಿರಬೇಕು ಎಂದು ಅಕ್ಕ ಮೈಕಿನ ಮುಂದೆ ಹೇಳಿದಳು. ಹೇಳಿ ಸುಮ್ಮನಾಗುವ ಪೈಕಿಯಲ್ಲ ಅವಳು. ಸೌಟಿನಿಂದ ಪಾತ್ರೆಯ ತಳ ಬಡಿದು, ಮೇಲಿನ ಮಹಡಿಯಿಂದ ಬೀದಿ ಬಾಗಿಲವರೆಗೆ ಟ್ಯೂಬಾ ಇಳಿದು ಬಂದ ಸದ್ದನ್ನೆಲ್ಲ ಮಾಡಿ ತೋರಿಸಿದಳು. ಪಕ್ಕದಲ್ಲಿದ್ದ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ಅವರು ಮೈಕನ್ನು ಬಟ್ಟೆ ಕಪಾಟಿನೊಳಗೆ ಇಟ್ಟು, ತಲೆ ಒಳಗೆ ತೂರಿಸಿ ಮಾತಾಡುತ್ತಿದ್ದರು. ಹಿಂದೆ ಮಂಚದ ಮೇಲೆ ಬಟಾಣಿ ಸುಲಿಯುತ್ತಿದ್ದ ಅಮ್ಮ ಮಾತ್ರ ನಗಲಿಲ್ಲ.

ಕಷ್ಟವಾಗಿದ್ದದ್ದೇ ಅದು. ಊರಿನ ಕಳ್ಳತನಗಳನ್ನು ತಮಾಷೆಯಾಗಿ ಹೇಳುವ ಈ ಇಬ್ಬರ ಪಾಡ್‌ಕಾಸ್ಟನ್ನು ಜನ ಕೇಳುತ್ತಿದ್ದದ್ದು ಅರ್ಧ ಇವರ ಮಾತಿಗೆ, ಇನ್ನರ್ಧ ಹಿಂದಿನಿಂದ ಕೇಳಿಬರುತ್ತಿದ್ದ ಅಮ್ಮನ ನಗುವಿಗೆ. ಮೊದಮೊದಲು ತಮ್ಮ ಅದನ್ನು ಕತ್ತರಿಸಿ ಹಾಕುತ್ತಿದ್ದ. ಅಮ್ಮ ಎಲ್ಲಿ ಎಂದು ಕೇಳುಗರು ಗಲಾಟೆ ಮಾಡಿದ ಮೇಲೆ ಹಾಗೇ ಬಿಟ್ಟ. ಈಗ ಕತ್ತರಿಸೋಣವೆಂದರೂ ನಗುವೇ ಇರಲಿಲ್ಲ.

ಅಮ್ಮ ಸಂಗೀತ ಶಾಲೆಯ ಕೀಲಿ ನೋಡಿಕೊಳ್ಳುತ್ತಿದ್ದಳು. ಆ ಶಾಲೆಯ ಸಾಮಾನು ಕೋಣೆಯಿಂದಲೇ ಟ್ಯೂಬಾ ಮಾಯವಾಗಿತ್ತು. ಟ್ಯೂಬಾ ಎಂದರೆ ತಬ್ಬಿಕೊಂಡು ಊದಬೇಕಾದಷ್ಟು ದೊಡ್ಡ ಹಿತ್ತಾಳೆ ವಾದ್ಯ, ಜೇಬಿಗೆ ಹಾಕಿಕೊಂಡು ಹೋಗುವಂಥದ್ದಲ್ಲ. ಬೀಗ ಒಡೆದಿರಲಿಲ್ಲ, ಕೀಲಿ ಇದ್ದದ್ದು ಅಮ್ಮನ ಹತ್ತಿರ. ಪ್ರಿನ್ಸಿಪಾಲರಿಗೆ ಅಷ್ಟು ಸಾಕಾಯಿತು. ಎಲ್ಲ ಮೇಷ್ಟ್ರುಗಳ ಎದುರಿಗೇ ಕೀಲಿಗೊಂಚಲು ಕಿತ್ತುಕೊಂಡು ಅಮ್ಮನನ್ನು ಮನೆಗೆ ಕಳಿಸಿದರು. ಅಂದಿನಿಂದ ಅಮ್ಮ ಅಂಗಡಿಗೂ ಹಿಂದಿನ ಬೀದಿಯಿಂದಲೇ ಹೋಗುತ್ತಿದ್ದಳು. ಒಂದು ಸಲವಾದರೂ ಅವಳನ್ನು ನಗಿಸಿಯೇ ತೀರಬೇಕೆಂದು ಮಕ್ಕಳು ಹಟಕ್ಕೆ ಬಿದ್ದು ಇದನ್ನೇ ಕಂತು ಮಾಡಿದ್ದರು, ಅದೂ ನೇರಪ್ರಸಾರ.

ಅಕ್ಕ ಸೌಟು ಕೆಳಗಿಡುವಷ್ಟರಲ್ಲಿ ಫೋನು ಬಂತು. ಯಾರೋ ಗಂಡಸು, ಹೆಸರು ಹೇಳಲಿಲ್ಲ, ಬಂದದ್ದೇ ಜಗಳಕ್ಕೆ. ತಿಳಿಯದೆ ಬಾಯಿಗೆ ಬಂದಂತೆ ಮಾತಾಡಬೇಡಿ, ಟ್ಯೂಬಾವನ್ನು ಯಾರಾದರೂ ಉರುಳಿಸುತ್ತಾರೇನು, ಒಂದು ಏಟು ಬಿದ್ದರೆ ಸ್ವರ ಕೆಟ್ಟುಹೋಗುತ್ತದೆ ಎಂದು ಗದರಿದರು. ಅಕ್ಕನಿಗೆ ಅಷ್ಟು ಸಿಕ್ಕಿದರೆ ಸಾಕಲ್ಲ. ಕದಿಯುವವನಿಗೆ ಸ್ವರ ಕಟ್ಟಿಕೊಂಡು ಏನಾಗಬೇಕು ಸ್ವಾಮಿ, ಗೋಣಿಚೀಲಕ್ಕೆ ತುರುಕಿ ದರದರ ಎಳೆದುಕೊಂಡು ಹೋಗಿರುತ್ತಾನೆ ಎಂದಳು. ಆ ಕಡೆಯವರಿಗೆ ತಡೆಯಲಾಗಲಿಲ್ಲ.

"ಗೋಣಿಚೀಲ ಯಾಕ್ರೀ? ಕಿಟಕಿ ಪರದೇಲಿ ಸುತ್ತಿ, ಮಗೂನ ಎತ್ಕೊಂಡ ಹಾಗೆ ಎತ್ಕೊಂಡು ಹೋಗಿದ್ದು."

ಅಮ್ಮನ ಮಡಿಲಿನ ಬಟಾಣಿಯೆಲ್ಲ ನೆಲದ ಪಾಲಾಯಿತು. ಕಳವಾದ ದಿನ ಬೆಳಿಗ್ಗೆ ಸಾಮಾನು ಕೋಣೆಯ ಬರಿಗಿಟಕಿ ನೋಡಿ ಅವಳೇ ಬೇರೆ ಪರದೆ ಹಾಕಿದ್ದಳು. ಟ್ಯೂಬಾ ಇಲ್ಲವೆಂದು ಗೊತ್ತಾದದ್ದು ಆಮೇಲೆ. ಹೇಳಿದರೆ ಪರದೆಯನ್ನೂ ತನ್ನ ತಲೆಗೇ ಕಟ್ಟುತ್ತಾರೆಂದು ಮಕ್ಕಳ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಶಾಲೆಯಲ್ಲಿ ವರ್ಷಗಟ್ಟಲೆ ಕೇಳಿದ್ದ ಆ ದನಿ ಯಾರದೆಂದೂ ಈಗ ಗುರುತು ಸಿಕ್ಕಿತು. ಅವಳು ಮಕ್ಕಳಿಬ್ಬರನ್ನೂ ಆಚೆ ತಳ್ಳಿ ಕಪಾಟಿನೊಳಗೆ ಬಗ್ಗಿದಳು.

"ಪರದೆ ಯಾವ ಬಣ್ಣ, ಬ್ಯಾಂಡ್ ಮೇಷ್ಟ್ರೇ?"

"ನೀಲಿ," ಎಂದಿತು ದನಿ.

"ವಾದ್ಯಕ್ಕೆ ಒಂದು ಗೀರು ಬೀಳದ ಹಾಗೆ ನೋಡ್ಕೊಂಡ್ರಿ. ಕೀಲಿ ನನ್ನ ಕೈಲಿತ್ತು ಅನ್ನೋದು ನಿಮಗೆ ನೆನಪಾಗ್ಲಿಲ್ವಾ?"

ಊರೆಲ್ಲ ಕೇಳುತ್ತಿದ್ದಾಗ ಮೇಷ್ಟ್ರು ಒಪ್ಪಿಕೊಂಡರು. ಬ್ಯಾಂಡ್ ತರಗತಿ ಮುಚ್ಚಿದ ಮೇಲೆ ಟ್ಯೂಬಾ ಧೂಳು ತಿನ್ನುತ್ತಾ ಬಿದ್ದಿದ್ದನ್ನು ನೋಡಲಾಗಲಿಲ್ಲವಂತೆ. ತರಗತಿ ನಡೆಯುತ್ತಿದ್ದ ಕಾಲದ ಇನ್ನೊಂದು ಕೀಲಿ ಅವರ ಹತ್ತಿರವೇ ಉಳಿದಿತ್ತಂತೆ. ಅಮ್ಮನ ಕೆಲಸ ಹೋದದ್ದು ಗೊತ್ತಿದ್ದೂ ಧೈರ್ಯ ಬರಲಿಲ್ಲವಂತೆ. ಮರುದಿನ ಅದೇ ನೀಲಿ ಪರದೆಯಲ್ಲಿ ಸುತ್ತಿ, ಬೀದಿಯ ಜನ ಸಾಲಾಗಿ ನಿಂತು ನೋಡುತ್ತಿದ್ದಂತೆ ತಾವೇ ಹೊತ್ತು ತಂದು ಶಾಲೆಗೆ ಒಪ್ಪಿಸಿದರು.

ಸಂಜೆ ಪ್ರಿನ್ಸಿಪಾಲರು ಕೀಲಿಗೊಂಚಲು ಹಿಡಿದು ಮನೆಗೆ ಬಂದರು. ಆದದ್ದು ಆಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ನಾಳೆಯಿಂದಲೇ ಬನ್ನಿ ಎಂದರು. ಅಮ್ಮ ಕೂರಲು ಕುರ್ಚಿ ಕೊಟ್ಟಳು, ಕೀಲಿಗೆ ಕೈ ಚಾಚಲಿಲ್ಲ.

"ಕಿತ್ಕೊಂಡಿದ್ದು ಎಲ್ಲರ ಎದುರಿಗೆ ಅಲ್ವಾ ಸರ್? ಕೊಡೋದೂ ಹಾಗೇ ಕೊಡಿ."

ಅಕ್ಕ ಆಗಲೇ ಕಪಾಟಿನ ಬಾಗಿಲು ತೆರೆದು ಮೈಕು ಚಾಲೂ ಮಾಡಿದ್ದಳು. ಪ್ರಿನ್ಸಿಪಾಲರು ಅತ್ತ ನೋಡಿದರು, ಇತ್ತ ನೋಡಿದರು, ಕೊನೆಗೆ ಬಗ್ಗಿದರು. ನೇತುಹಾಕಿದ್ದ ನೈಟಿಗಳ ನಡುವೆ ತಲೆ ತೂರಿಸಿ, ಹೆಗಲ ಮೇಲೆ ಬಿದ್ದ ಕಾಲುಚೀಲ ಲೆಕ್ಕಿಸದೆ, ತಪ್ಪು ನ... ನನ್ನದೇ, ಆ ಅಮ್ಮನದು ಏನೂ ಇಲ್ಲ, ಕ್ಷ... ಕ್ಷಮಿಸಬೇಕು ಎಂದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ರಯೋಜನವಾಗಲಿಲ್ಲ. ಇಷ್ಟು ದಿನ ಕಟ್ಟಿಟ್ಟಿದ್ದ ನಗುವೆಲ್ಲ ಒಟ್ಟಿಗೇ ಹೊರಬಿತ್ತು. ವರ್ಷದ ಮರೆಯಲಾಗದ ಕ್ಷಣಗಳನ್ನು ಆಯ್ದು ಹಾಕುವ ಕಂತಿಗೆ ಮೊದಲನೆಯದು ಸಿಕ್ಕಿತು ಎಂದು ತಮ್ಮ ಅಲ್ಲೇ ತೀರ್ಮಾನಿಸಿದ.

ಪ್ರಿನ್ಸಿಪಾಲರು ಕೆದರಿದ ತಲೆ ಸರಿಮಾಡಿಕೊಳ್ಳುತ್ತಾ ಹೊರಬಂದರು. ಮಧ್ಯೆ ಸ್ವಲ್ಪ ತಡವರಿಸಿಬಿಟ್ಟೆ, ಇನ್ನೊಂದು ಸಲ ಸರಿಯಾಗಿ ಹೇಳಿಬಿಡಲೇ ಎಂದು ಮೆಲ್ಲಗೆ ಕೇಳಿದರು.

ಅಮ್ಮ ಕಣ್ಣೊರೆಸಿಕೊಂಡು ಅವರ ಕೈಯಿಂದ ಕೀಲಿಗೊಂಚಲು ತೆಗೆದುಕೊಂಡಳು.

"ಬೇಡ ಸರ್. ತಡವರಿಸಿದ್ದೇ ಚೆನ್ನಾಗಿ ಬಂದಿದೆ."