ದಾಟಿದರೆ ಹಿಂದಕ್ಕೆ ದಾಟು

ಪರದೆಯ ಮೇಲಿನ ಹೊಸ ಗೆರೆ ತನ್ನೂರು ಗಂಡಸಿಯ ಮೇಲೆಯೇ ಹಾದಿರುವುದನ್ನು ಕಂಡು ಸಹಪೈಲಟ್ ಭೀಮರಾಜನ ಬೆರಳು ದಾರಿಯನ್ನು ಖಚಿತಪಡಿಸುವ ಗುಂಡಿಯ ಮೇಲೆ ನಿಂತಿತು. ಇಷ್ಟು ವರ್ಷ ವಿಮಾನ ನೆಲದ ರೇಡಿಯೊ ಕಂಬಗಳನ್ನು ಹಿಡಿದು ಸುತ್ತಿ ಹೋಗುತ್ತಿತ್ತು. ಈಗ ಉಪಗ್ರಹ ನೇರ ದಾರಿ ತೋರಿಸುತ್ತಿತ್ತು. ಆ ದಾರಿಯ ಕೆಳಗೆ, ತೆಂಗಿನ ಬುಡದಲ್ಲಿ, ಆರು ವರ್ಷಕ್ಕೇ ತೀರಿಕೊಂಡ ತಂಗಿ ಭಾಗ್ಯಳನ್ನು ಹೂಳಿದ್ದರು.

“ಏನ್ಲಾ, ನಿಮ್ಮ ಗಂಡಸೀಲಿ ಸ್ಟಾಪ್ ಇಲ್ಲ, ಒತ್ತು,” ಎಂದರು ಕ್ಯಾಪ್ಟನ್ ಉಮಾಶಂಕರ್.

ಒತ್ತಿದ. ವಿಮಾನ ಊರನ್ನು ದಾಟಿತು. ಚಿಕ್ಕಂದಿನಲ್ಲಿ, ಚಾಪೆಯ ಮೇಲೆ ಮಲಗಿದ್ದ ಭಾಗ್ಯಳನ್ನು ತಾನು ಹಾರಿ ದಾಟಿದಾಗಲೆಲ್ಲ ಅವ್ವ ಬೈಯುತ್ತಿದ್ದದ್ದು ನೆನಪಾಯಿತು: “ಮಲಗಿರೋರ್ನ ದಾಟಿದ್ರೆ ಬೆಳೆಯಾಕಿಲ್ಲ ಕಣ್ಲಾ, ಹಿಂದಕ್ಕೆ ದಾಟು!”

ಸಂಜೆ ಮರಳುವಾಗ ಕ್ಯಾಪ್ಟನ್ ಬೇರೆ ದಾರಿ ಆರಿಸಿದರು.

“ಬಂದ ಗೆರೆಯಲ್ಲೇ ಹೋಗೋಣ ಸರ್. ಕೆಳಗೆ ತಂಗಿ ಮಲಗಿದ್ದಾಳೆ.”

“ಹಂಗಾದ್ರೆ ಸದ್ದು ಮಾಡ್ಬೇಡ, ಎದ್ದಾಳು,” ಎಂದು ನಗುತ್ತಲೇ ಅವರು ಒಪ್ಪಿದರು.

ಭೀಮರಾಜ ಗುಂಡಿಯನ್ನು ಮೆಲ್ಲಗೆ ಒತ್ತಿದ.