ತರಗು ಮುಟ್ಟುವಂತಿಲ್ಲ

ಕಾಡು ಸುಟ್ಟ ಮೇಲೆ ಗೂಬೆಗಳು ಊರಿಗೆ ಬಂದವು. ಅವು ಮೊಟ್ಟೆಯಿಟ್ಟ ಮನೆಯೆಲ್ಲ ಕಾಡು, ಅಲ್ಲಿ ಕಾಡಿನ ಕಾನೂನೇ ನಡೆಯಬೇಕು ಎಂದು ಸರ್ಕಾರ ಸಾರಿತು. ಈ ಮಾಘದಲ್ಲಿ ನಿವೃತ್ತ ರೇಂಜರ್ ಚಂದ್ರಮೌಳಿಯವರ ಅಟ್ಟದಲ್ಲಿ ಮೂರು ಮೊಟ್ಟೆಗಳಿದ್ದವು. ಅರಣ್ಯ ಇಲಾಖೆಯ ಕಾವಲುಗಾರ್ತಿ ಕೇತಮ್ಮ ಮಧ್ಯಾಹ್ನ ತಪಾಸಣೆಗೆ ಬಂದಾಗ ಅವರು ಕದ್ದು ಒಲೆ ಹಚ್ಚಿ ಟೀ ಕಾಯಿಸುತ್ತಿದ್ದರು.

ಅವಳು ಒಲೆ ಆರಿಸಿ, ಬೆಂಕಿಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡಳು.

"ಟೀ ಹಾಳಾಗಿ ಹೋಗ್ಲಿ, ಅಂಗಳ ನೋಡಮ್ಮ," ಎಂದರು ಚಂದ್ರಮೌಳಿ. "ತೇಗದ ತರಗು ಮೊಣಕಾಲುದ್ದ ಬಿದ್ದಿದೆ. ಗುಡಿಸೋ ಹಾಗಿಲ್ಲ, ಸುಡೋ ಹಾಗಿಲ್ಲ. ಬೇಸಿಗೆ ಬಲಿಯೋಕೆ ಮುಂಚೆ ಅಂಚಿನಲ್ಲಿ ಸ್ವಲ್ಪ ಸುಟ್ಕೊಳ್ತೀನಿ. ಇಲ್ದಿದ್ರೆ ಒಂದು ಕಿಡಿ ಬಿದ್ರೂ ನಾನು, ಮನೆ, ಗೂಬೆ ಎಲ್ಲ ಬೂದಿ."

"ನಮ್ಮಪ್ಪನೂ ಇದ್ನೇ ಹೇಳ್ದ, ಬುದ್ಧಿ," ಎಂದಳು ಕೇತಮ್ಮ. "ಶಿವರಾತ್ರಿಗೆ ಮುಂಚೆ ಸಣ್ಣ ಬೆಂಕಿ ಕೊಟ್ರೆ ದೊಡ್ಡ ಬೆಂಕಿ ಬರಲ್ಲ, ಗೂಬೆ ಪೊಟರೆ ಉಳೀತವೆ ಅಂತ ನಿಮ್ ಕಾಲು ಹಿಡ್ಕಂಡ. ನೀವು ತರಗು ಮುಟ್ಟಬಾರ್ದು ಅಂತ ಆರ್ಡರ್ ಬರೆದು ಅವನ್ನ ಜೈಲಿಗೆ ಹಾಕ್ಸುದ್ರಿ. ಅವ ಅಲ್ಲೇ ಸತ್ತ. ಅದೇ ಬ್ಯಾಸ್ಗೇಲಿ ಕಾಡೂ ಹೋಯ್ತು. ನಿಮ್ ಆರ್ಡರ್ ಮಾತ್ರ ಇನ್ನೂ ಜಾರೀಲಿ ಅದೆ."

ಚಂದ್ರಮೌಳಿ ಅರ್ಧ ಕುದಿದ ಟೀಯನ್ನು ಲೋಟಕ್ಕೆ ಬಗ್ಗಿಸಿಕೊಂಡರು.

ಕೇತಮ್ಮ ತರಗಿನ ಮೇಲೆ ಸರಸರ ನಡೆದು ಗೇಟು ದಾಟಿ, ತಿರುಗಿ ಮಾಡಿನತ್ತ ನೋಡಿದಳು. ಸರಿದ ಹೆಂಚಿನ ಸಂದಿಯಲ್ಲಿ ಗೂಬೆಯ ದುಂಡು ಮುಖ ಇಣುಕುತ್ತಿತ್ತು. ಅವಳು ಅದಕ್ಕೆ ಕೈಮುಗಿದಳು.

ಹಿಂದಿನ ಕಾರ್ತೀಕದಲ್ಲಿ, ಚಂದ್ರಮೌಳಿ ಊರಲ್ಲಿಲ್ಲದ ದಿನ, ಏಣಿ ಹಾಕಿ ಆ ಹೆಂಚನ್ನು ಸರಿಸಿದ್ದವಳು ಅವಳೇ.