ಮೂವತ್ತೆಂಟು ಗ್ರಾಂ ನೀರು

2024ರ ಜುಲೈ 16, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸುಧಾಕರ ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು, ಕೈ ತೆಗೆದು, ಅಂಕಿ ನಿಲ್ಲುವವರೆಗೆ ಉಸಿರು ಬಿಗಿಹಿಡಿದ. ಸಾವಿರದ ಆರುನೂರು ಗ್ರಾಂ. ಡೈರಿ ತೆರೆದು ನೋಡಿದ. ಜೂನ್ 11ರಂದು, ಇಂಥದೇ ಮಳೆಯಲ್ಲಿ ಕಳಿಸಿದಾಗ ಸಾವಿರದ ಐನೂರ ಅರವತ್ತು.

"ನಲವತ್ತು ಹೆಚ್ಚು," ಎಂದ.

"ಐದನೇ ಸಲ ತವರಿಗೆ ಬಂದದ್ದಲ್ವಾ ಸಾರ್," ಎಂದ ಅಂಚೆಯ ಮಾದೇವ, ರೇನ್‌ಕೋಟಿನಿಂದ ನೆಲಕ್ಕೆಲ್ಲ ನೀರು ಸುರಿಸುತ್ತ. "ಈ ಸಲ ಗಂಡನ ಮನೆಯವ್ರು ಊಟವಾದ್ರೂ ಸರಿಯಾಗಿ ಹಾಕಿದ್ರು ಕಾಣ್ತದೆ."

ಹೊನ್ನಾವರದ ಸೀಗಡಿ ಘಟಕದ ಪ್ರಯೋಗಾಲಯದಲ್ಲಿ ಸುಧಾಕರನಿಗೆ ಹದಿನಾರು ವರ್ಷದ ಸರ್ವಿಸು. ಓದಿದ್ದು ರಸಾಯನಶಾಸ್ತ್ರ. ಕೆಲಸ, ತೂಕ ಏರಲೆಂದು ಸೀಗಡಿಯನ್ನು ನೀರಲ್ಲಿ ನೆನೆಸಿ ತರುವವರನ್ನು ಹಿಡಿಯುವುದು. ಹದಿನಾರು ವರ್ಷದಲ್ಲಿ ಅವನು ಕಲಿತ ಸೂತ್ರ ಒಂದೇ: ತೂಕ ಹೆಚ್ಚಿದ್ದರೆ ಅದು ನೀರು.

ಉಳಿದ ಹೊತ್ತಿನಲ್ಲಿ ಅವನು ಕಾದಂಬರಿಕಾರ. ಹೊಳನಗದ್ದೆಯ ಮನೆಯಲ್ಲಿ, ಊಟದ ಮೇಜಿನ ಮೇಲೆ, ಎಂಟು ವರ್ಷ ಕೂತು ಕೈಯಾರೆ ಬರೆದ ಮುನ್ನೂರು ಹಾಳೆ. ಶರಾವತಿಗೆ ಸೇತುವೆ ಬರುವ ಮೊದಲು ದೋಣಿ ದಾಟಿಸುತ್ತಿದ್ದ ಒಬ್ಬ ಹೆಂಗಸಿನ ಕಥೆ. ಅದು ಅಚ್ಚಾಗಿ, ಬೆನ್ನಿನ ಮೇಲೆ ತನ್ನ ಹೆಸರು ಹೊತ್ತು ಕಪಾಟಿನಲ್ಲಿ ನಿಲ್ಲಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಐದು ಸಲ ನೋಡುವೆ, ಆಮೇಲೆ ಪೆನ್ನು ಮುಟ್ಟುವುದಿಲ್ಲ ಎಂದು ಹೆಂಡತಿ ಸುಪ್ರಿಯಾಳ ಎದುರು ಹೇಳಿಯೂ ಬಿಟ್ಟಿದ್ದ.

ಪ್ರಕಾಶಕರಿಗೆ ಕಳಿಸುವುದರಲ್ಲೂ ಅವನದೊಂದು ಕ್ರಮ. ತನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆಯೊಂದನ್ನು ಹಸ್ತಪ್ರತಿಯ ಜೊತೆ ಇಡುತ್ತಿದ್ದ. ಎರಡನ್ನೂ ಸೇರಿಸಿಯೇ ತೂಗುತ್ತಿದ್ದ. ಫೋನ್ ನಂಬರು ಮಾತ್ರ ಬರೆಯುತ್ತಿರಲಿಲ್ಲ. ಬರೆದರೆ ದಿನವಿಡೀ ಫೋನಿಗೇ ಕಿವಿಯಾಗಿ ಕೂರಬೇಕಾಗುತ್ತದೆ. ಪುಸ್ತಕ ಒಪ್ಪಿಗೆಯಾದರೆ ಪ್ರತಿ ಅವರಲ್ಲೇ ಉಳಿಯುತ್ತದೆ, ಬರೀ ಕಾಗದ ಬರುತ್ತದೆ. ತನ್ನ ಲಕೋಟೆಯಲ್ಲಿ ತನ್ನ ಪ್ರತಿ ಬಂತೆಂದರೆ ಆತು, ಮುಗಿಯಿತು. ಮೊದಲ ನಾಲ್ಕು ಸಲ ಬಿಚ್ಚಿ ನೋಡಿದ್ದ. ನಾಲ್ಕರಲ್ಲೂ ಒಂದೊಂದು ವಿಷಾದದ ಚೀಟಿ. ಅವನ್ನೂ ತೂಗಿದ್ದ. ತಲಾ ಎರಡು ಗ್ರಾಂ.

ಐದನೆಯದನ್ನು ಬಿಚ್ಚುವ ಮನಸ್ಸಾಗಲಿಲ್ಲ. ಡೈರಿಯಲ್ಲಿ ಬರೆದ: 'ವಿಷಾದ 2 ಗ್ರಾಂ. ಮಳೆಗಾಲದ ನೀರು 38 ಗ್ರಾಂ.'

ಹನ್ನೊಂದಕ್ಕೆ ಗಂಗೆ ಬಂದಳು. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ದೊಡ್ಡ ಬೋಟುಗಳು ದಡದಲ್ಲಿರುವ ತಿಂಗಳು. ಹೊಳೆಯ ಸೀಗಡಿ ತರುವ ಗಂಗೆಯಂಥವರೇ ಘಟಕಕ್ಕೆ ಆಸರೆ. ಸುಧಾಕರ ಅವಳ ಬುಟ್ಟಿ ತೂಗಿ ಹುಬ್ಬೇರಿಸಿದ.

"ಐದು ಕಿಲೋ ಅಂದ್ರಿ. ಐದೂಮುಕ್ಕಾಲು ತೋರಿಸ್ತದೆ. ನೀರು ಕುಡಿಸಿದ್ರಾ ಗಂಗಕ್ಕ?"

"ನಿನ್ ಬಾಯಲ್ಲಿ ಬೇರೆ ಮಾತೇ ಇಲ್ವನಾ? ಕೈ ಹಾಕಿ ನೋಡು ತಮಾ."

ಕೈ ಹಾಕಿದ. ಬುಟ್ಟಿಯ ತಳದಲ್ಲಿ ಬಾಳೆಲೆಯ ಕಟ್ಟು. ಒಳಗೆ ತಾಜಾ ಕಾಣೆ ಮೀನು.

"ಮೊಮ್ಮಗನ ನಾಮಕರಣಕ್ಕೆ ಬಂದು ಉಂಡ್ಕಂಡು ಹೋಗಿದ್ಯಲಾ, ನೆಂಟ ಅಂತ ನಿನ್ಗೇ ತಂದದ್ದು. ಹೆಂಡ್ತಿಗೆ ಹುರಿಯುಕೆ ಹೇಳು. ನೀರಂತೆ, ನೀರು!"

ಸುಧಾಕರ ಕಿವಿಯವರೆಗೆ ಕೆಂಪಾದ. ಐದು ಕಿಲೋ ಎಂದು ಬರೆದುಕೊಂಡ. ಗಂಗೆಯ ಕಣ್ಣು ಅಷ್ಟರಲ್ಲಿ ಮೇಜಿನ ಮೇಲಿದ್ದ ಪೊಟ್ಟಣಕ್ಕೆ ಹೋಗಿತ್ತು.

"ಅದೆಂತದು?"

"ರದ್ದಿ."

"ರದ್ದಿ ಆದ್ರೆ ನನ್ಗೆ ಕೊಡು. ಒಣಮೀನು ಕಟ್ಟುಕೆ ಒಂದು ಹಾಳೆ ಇಲ್ಲ ಮನೇಲಿ."

ಅವನು ಒಂದು ಕ್ಷಣ ಪೊಟ್ಟಣದ ಮೇಲೆ ಅಂಗೈ ಊರಿದ. ಆಮೇಲೆ ಎತ್ತಿ ಕೊಟ್ಟೇಬಿಟ್ಟ. ಎಂಟು ವರ್ಷದ ಬರಹ ಖಾಲಿ ಬುಟ್ಟಿಯಲ್ಲಿ ಕೂತು, ತಲೆಯ ಮೇಲೆ ಏರಿ, ಗೇಟು ದಾಟಿ ಹೋಯಿತು. ಡೈರಿಯಲ್ಲಿ 'ಪ್ರಯೋಗ ಮುಕ್ತಾಯ' ಎಂದು ಬರೆದು ಅಡಿಗೆರೆ ಎಳೆದ. ಆ ಸಂಜೆ ಕಾಣೆ ರುಚಿಯಾಗಿತ್ತು. ಊಟದ ಮೇಜಿನ ಮೇಲೆ ಊಟ ಬಿಟ್ಟು ಬೇರೇನೂ ಇರಲಿಲ್ಲ.

ಮರುದಿನ ಗಂಗೆ ಬುಟ್ಟಿಯಿಲ್ಲದೆ ಬಂದಳು. ಸೆರಗಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರಿಂದ ಮಡಚಿದ ಹಾಳೆಗಳನ್ನು ತೆಗೆದು, ಮೇಜಿನ ಮೇಲೆ ಇಟ್ಟಳು.

"ಇದು ವಾಪಸ್ಸು. ನಿನ್ ಅಕ್ಷರ ಅಲ್ಲ, ಅಚ್ಚಿಂದು. ಮೊಹರು ಬೇರೆ ಹೊಡ್ದಿದಾರೆ. ಇದ್ರಲ್ಲಿ ಬಂಗಡೆ ಕಟ್ಟಿದ್ರೆ ಪೊಲೀಸ್ರು ಬತ್ರು ಅಂತ ಸೊಸೆ ದೀಪಿಕಾ ಹೆದರ್ಸಿದ್ಲು."

"ಉಳಿದದ್ದು? ಕಟ್ಟಿ ಮಾರಿ ಆತಾ?"

"ಅವ್ಳು ಬಿಟ್ರೆ ಅಲ್ಲನಾ! ನಿನ್ನೆಯಿಂದ ಓದ್ತಾ ಕೂತಿದಾಳೆ. ಒಲೆ ಮೇಲೆ ಸಾರು ಸೀದು ಹೋಯ್ತು. ಆ ದೋಣಿಯವ್ಳು ಕಡೆಗೆ ಎಂತಾ ಆದ್ಲು ಅಂತ ಗೊತ್ತಾಗದೆ ಒಂದು ಹಾಳೆ ಮುಟ್ಟುಕೆ ಕೊಡುದಿಲ್ಲ ಅಂತಾಳೆ."

ಸುಧಾಕರ ಕನ್ನಡಕ ಏರಿಸಿ ಮೊದಲ ಹಾಳೆ ಓದಿದ. 'ತಮ್ಮ ಕಾದಂಬರಿಯನ್ನು ಪ್ರಕಟಿಸಲು ಸಂತೋಷದಿಂದ ಒಪ್ಪಿದ್ದೇವೆ. ಪೆನ್ಸಿಲ್ ಗುರುತು ಹಾಕಿದ ಕಡೆ ತಿದ್ದಿಕೊಡಬೇಕೆಂದು ಹಸ್ತಪ್ರತಿಯನ್ನು ತಾವೇ ಇಟ್ಟಿದ್ದ ಲಕೋಟೆಯಲ್ಲಿ ಕಳಿಸುತ್ತಿದ್ದೇವೆ. ಜೊತೆಗಿರುವ ಕರಾರುಪತ್ರಕ್ಕೆ ಸಹಿ ಮಾಡಿ…'

"ಎಂತಾ ಆತು ತಮಾ? ಎಂತಾ ಬರ್ದಿದಾರೆ?"

ಅವನು ಎಂಟು ಹಾಳೆಗಳನ್ನು ಅಂಚು ಸೇರಿಸಿ ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವವರೆಗೆ ಕಾದ.

ಸರಿಯಾಗಿ ನಲವತ್ತು ಗ್ರಾಂ.